ಚಳಿಗೂ ಟಿಕೆಟ್ ತೆಗೆಯುತ್ತಾರೆ

(ಮಂಗಳೂರಿನ ಕಾಲೇಜೊಂದರಲ್ಲಿ ಪ್ರವಾಸೋದ್ಯಮದ ವಿದ್ಯಾರ್ಥಿಗಳಿಗೂ ಊರಿನ ಆಸಕ್ತರಿಗೂ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಡಿಸೆಂಬರ್ ಕೊನೆಗೆ ಮಂಗಳೂರಿನಲ್ಲಿ ಬೆಳಗ್ಗೆ 20 ಡಿಗ್ರಿಗೆ ಇಳಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ವಾಕಿಂಗ್ ಹೋಗುವ ಹಿರಿಯರ ಕಿವಿಗೆ ಮಫ್ಲರ್ ಬರುತ್ತದೆ. ಸ್ಕೂಟರಿನವರು ಜಾಕೆಟ್ ಹುಡುಕುತ್ತಾರೆ. "ಈ ಸಲ ಚಳಿ ಜೋರುಂಟು ಮಾರಾಯ್ರೇ" ಅಂತ ಹೋಟೆಲಿನಲ್ಲಿ ಮಾತು ಶುರುವಾಗುತ್ತದೆ. ಅದೇ 20 ಡಿಗ್ರಿ ಬಿಸಿಲು ಬಿದ್ದರೆ ಫಿನ್ಲೆಂಡಿನವರು ಅಂಗಿ ತೆಗೆದು ಕೆರೆದಂಡೆಯಲ್ಲಿ ಮಲಗುತ್ತಾರೆ. ಹಾಗಾಗಿ ಚಳಿಯ ಉತ್ತರ ದೇಶಗಳನ್ನು ಪ್ರವಾಸಿಗಳು ಹೇಗೆ ಕಾಣುತ್ತಾರೆ ಎಂಬ ಇವತ್ತಿನ ವಿಷಯವನ್ನು ಥರ್ಮಾಮೀಟರ್ ಹಿಡಿದುಕೊಂಡು ಶುರುಮಾಡಿದರೆ ಎಲ್ಲಿಗೂ ಮುಟ್ಟುವುದಿಲ್ಲ.

ನಾನು ಟೂರ್ ಕಳಿಸುವ ಕೆಲಸದವನು. ಪ್ರೊಫೆಸರ್ ಅಲ್ಲ. ಮೇಜಿನ ಆಚೆ ಕುಳಿತವರು ಕೇಳುವ ಪ್ರಶ್ನೆಗಳೇ ನನ್ನ ಪಾಠಪುಸ್ತಕ. ನಾರ್ವೆ, ಫಿನ್ಲೆಂಡ್, ಐಸ್‌ಲೆಂಡ್ ಅಂತ ವಿಚಾರಿಸಲು ಬರುವವರು "ಅಲ್ಲಿ ಎಷ್ಟು ಮೈನಸ್?" ಅಂತ ಕೇಳುತ್ತಾರೆ, ನಿಜ. ಆದರೆ ಮೈನಸ್ 8 ಅಂದರೂ ಅದೇ ಮುಖ, ಮೈನಸ್ 28 ಅಂದರೂ ಅದೇ ಮುಖ. ನಮ್ಮ ಮೈಗೆ ಸೊನ್ನೆಯಿಂದ ಕೆಳಗಿನ ಲೆಕ್ಕ ಗೊತ್ತೇ ಇಲ್ಲ. ನಿಜವಾದ ಪ್ರಶ್ನೆಗಳು ಆಮೇಲೆ ಬರುತ್ತವೆ. "ಬಾತ್‌ರೂಮಿನಲ್ಲಿ ಬಿಸಿನೀರು ಬರ್ತದಾ?" "ಅಮ್ಮನಿಗೆ ಮೊಣಕಾಲು ನೋವುಂಟು, ಜಾರ್ತದಾ?" "ಊಟಕ್ಕೆ ಎಂತ ಮಾಡುವುದು?"

ಊಟದ ಬಗ್ಗೆ ಸುಮ್ನೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಮೀನಿಗೆ ಮಾತ್ರ ಮಿತಿಯೊಳಗೆ ಅವಕಾಶ ಉಂಟು. ತುಪ್ಪದ ಡಬ್ಬಿ ಮನೆಯಲ್ಲಿಡಬೇಕು, ಒಣಮೀನು ಹೊರಡಬಹುದು. ನಮ್ಮ ಊರಿನವರಿಗೆ ಇಷ್ಟು ಅನುಕೂಲದ ಕಾನೂನು ಬೇರೆ ಎಲ್ಲೂ ನೋಡಿಲ್ಲ.

ಈ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಯಾರೂ ಚಳಿಗೆ ಹೆದರುತ್ತಿಲ್ಲ. ಚಳಿಯಲ್ಲಿ ಕೈಲಾಗದವರಂತೆ ನಿಲ್ಲಬೇಕಾದೀತು ಅಂತ ಹೆದರುತ್ತಿದ್ದಾರೆ. ಇವತ್ತು ನಾನು ಹೇಳಲು ಬಂದದ್ದು ಮುಖ್ಯವಾಗಿ ಇಷ್ಟೇ: ಪ್ರವಾಸಿ ಚಳಿಯನ್ನು ಕೊಳ್ಳುವುದಿಲ್ಲ. ಚಳಿಯ ಪಕ್ಕದಲ್ಲಿರುವ ಬೆಚ್ಚನೆ ಕೋಣೆಯನ್ನು ಕೊಳ್ಳುತ್ತಾನೆ. ಅದನ್ನು ಅರ್ಥ ಮಾಡಿಕೊಂಡ ಊರುಗಳು ಮೇಲೆ ಬಂದವು.

ಅದಕ್ಕೂ ಮೊದಲು, ಉತ್ತರದ ಚಿತ್ರ ನಮ್ಮ ತಲೆಯೊಳಗೆ ಹೋದದ್ದು ಹೇಗೆ ಅಂತ ಸ್ವಲ್ಪ ನೋಡೋಣ. ಕ್ಲೇರ್ ಗನ್ ಎಂಬ ಅಮೆರಿಕದ ವಿದ್ವಾಂಸ 1972ರಲ್ಲೇ ಒಂದು ವಿಂಗಡಣೆ ಮಾಡಿದ್ದ. ಒಂದು ಊರಿನ ಚಿತ್ರ ನಮ್ಮಲ್ಲಿ ಎರಡು ದಾರಿಯಿಂದ ಕೂಡಿಬರುತ್ತದೆ. ಒಂದು, ಶಾಲೆ, ಸುದ್ದಿ, ಕತೆ, ಸಿನಿಮಾ ಇವುಗಳಿಂದ ತಾನಾಗಿ ಬೆಳೆದದ್ದು. ಇನ್ನೊಂದು, ಜಾಹೀರಾತಿನವರು ದುಡ್ಡು ಹಾಕಿ ಮೂಡಿಸಿದ್ದು. ಎರಡನೆಯದಕ್ಕಿಂತ ಮೊದಲನೆಯದು ಜಾಸ್ತಿ ಗಟ್ಟಿ. ಯಾಕೆಂದರೆ ಅದು ಬಂದದ್ದೇ ನಮಗೆ ಗೊತ್ತಿರುವುದಿಲ್ಲ.

ಮಂಗಳೂರಿನಲ್ಲಿ ಇದಕ್ಕೆ ಉದಾಹರಣೆ ಬೇಕಾದರೆ ಕ್ರಿಸ್ಮಸ್ ವಾರ ಯಾವುದಾದರೂ ಕ್ರೈಸ್ತರ ಮನೆಯ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ನೋಡಿ. ಹುಲ್ಲು, ಮರಳು, ಹಸು, ಕುರಿಕಾಯುವವರು ಎಲ್ಲ ಸರಿ. ಮೇಲೆ ಮಾತ್ರ ಹತ್ತಿ ಹರಡಿರುತ್ತದೆ. ಪಕ್ಕದ ಪ್ಲಾಸ್ಟಿಕ್ ಮರದ ಕೊಂಬೆ ಕೊಂಬೆಯ ಮೇಲೆ ಥರ್ಮಾಕೋಲ್ ಪುಡಿ. ಹೊರಗೆ 30 ಡಿಗ್ರಿ, ಫ್ಯಾನ್ ಹಾಕಿದರೆ ಹಿಮ ಹಾರಿ ಹೋಗುತ್ತದೆ ಅಂತ ಫ್ಯಾನ್ ಬಂದ್. ಈ ಮನೆಯ ಮಗು ದೊಡ್ಡದಾಗಿ ಯುರೋಪಿನ ಉತ್ತರ ತುದಿಯ ಲ್ಯಾಪ್‌ಲೆಂಡಿನ ಫೋಟೋ ನೋಡಿದಾಗ ಅದಕ್ಕೆ ಹೊಸ ಊರು ಕಾಣುವುದಿಲ್ಲ, ಮೊದಲೇ ನೋಡಿದ್ದು ಕಾಣುತ್ತದೆ. ಹಿಂದೂ, ಮುಸ್ಲಿಂ ಮನೆಯ ಮಕ್ಕಳೂ ಆ ಗೋದಲಿ ನೋಡಿಯೇ ಬೆಳೆದವರು. ಹಾಗಾಗಿ ಈ ಚಿತ್ರ ಇಡೀ ಊರಿನದ್ದು.

ಇನ್ನೊಂದು ದಾರಿ ಹಿಂದಿ ಸಿನಿಮಾ. ನಾಯಕ ಉಣ್ಣೆ ಕೋಟು ಹಾಕಿರುತ್ತಾನೆ, ನಾಯಕಿ ಶಿಫಾನ್ ಸೀರೆಯಲ್ಲಿ ಹಿಮದ ಮೇಲೆ ಕುಣಿಯುತ್ತಾಳೆ. ಯಾರಿಗೂ ಚಳಿಯೇ ಇಲ್ಲ! ನಿರ್ದೇಶಕ ಯಶ್ ಚೋಪ್ರಾ ಅವರು ಸ್ವಿಟ್ಜರ್ಲೆಂಡಿಗೆ ಎಷ್ಟು ಭಾರತೀಯರನ್ನು ಹೀಗೆ ಕಳಿಸಿದರು ಅಂದರೆ, 2016ರಲ್ಲಿ ಇಂಟರ್‌ಲಾಕೆನ್ ಊರಿನವರು ಅವರ ಪ್ರತಿಮೆಯನ್ನೇ ನಿಲ್ಲಿಸಿದರು. ಒಂದು ಪ್ರವಾಸಿ ತಾಣ ತನ್ನ ಮಾರಾಟಗಾರನಿಗೆ ಇದಕ್ಕಿಂತ ನೇರವಾಗಿ ಥ್ಯಾಂಕ್ಸ್ ಹೇಳಿದ್ದು ಕಡಿಮೆ.

ಈಗ ರೊವಾನಿಯೆಮಿಗೆ ಬರೋಣ. ಇದು ಫಿನ್ಲೆಂಡಿನ ಲ್ಯಾಪ್‌ಲೆಂಡಿನ ಮುಖ್ಯ ಪಟ್ಟಣ, ಉತ್ತರ ಧ್ರುವದ ಸುತ್ತ ಭೂಪಟದಲ್ಲಿ ಎಳೆಯುವ ಆರ್ಕ್ಟಿಕ್ ವೃತ್ತದ ಅಂಚಿನಲ್ಲಿದೆ. ಸಾಂತಾಕ್ಲಾಸನ ಊರು ಅಂತ ಪ್ರಸಿದ್ಧ. ಪುರಾತನ ಕಾಲದಿಂದ ಹಾಗೇ ಇತ್ತು ಅಂದುಕೊಂಡು ಜನ ಹೋಗುತ್ತಾರೆ. ಅಲ್ಲಿ ಪುರಾತನವಾದದ್ದು ಹೆಚ್ಚು ಏನೂ ಇಲ್ಲ. 1944ರ ಅಕ್ಟೋಬರಿನಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ಊರನ್ನು ಸುಟ್ಟುಹಾಕಿತು. ನೂರರಲ್ಲಿ ತೊಂಬತ್ತು ಕಟ್ಟಡ ಹೋದವು. ಯುದ್ಧ ಮುಗಿದ ಮೇಲೆ ಆಲ್ವಾರ್ ಆಲ್ಟೊ ಎಂಬ ದೊಡ್ಡ ವಾಸ್ತುಶಿಲ್ಪಿ ಹಿಮಸಾರಂಗದ ಕೊಂಬಿನ ಆಕಾರದಲ್ಲಿ ಬೀದಿಗಳ ನಕ್ಷೆ ಹಾಕಿಕೊಟ್ಟ. 1950ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟರ ಪತ್ನಿ ಎಲೀನರ್ ರೂಸ್‌ವೆಲ್ಟ್ ಅಲ್ಲಿಯ ಪುನರ್ನಿರ್ಮಾಣ ನೋಡಲು ಬರುತ್ತಾರೆ ಅಂತ ಗೊತ್ತಾಯಿತು. ದೊಡ್ಡ ಅತಿಥಿ, ತೋರಿಸಲು ಏನೂ ಇಲ್ಲ. ಆರ್ಕ್ಟಿಕ್ ವೃತ್ತದ ಹತ್ತಿರ ಅವಸರದಲ್ಲಿ ಒಂದು ಮರದ ದಿಮ್ಮಿಯ ಗುಡಿಸಲು ಕಟ್ಟಿದರು. ಅದು ಇವತ್ತೂ ಇದೆ. ಅದರ ಸುತ್ತಲೇ ಆಮೇಲೆ ಅಂಗಡಿಗಳು ಬಂದವು, 1985ರಲ್ಲಿ ಸಾಂತಾಕ್ಲಾಸ್ ಹಳ್ಳಿ ಶುರುವಾಯಿತು. ಅದಕ್ಕೂ ಸ್ವಲ್ಪ ಮೊದಲು, 1984ರ ಕ್ರಿಸ್ಮಸ್ ಹೊತ್ತಿಗೆ, ಬ್ರಿಟನ್ನಿನಿಂದ ಶಬ್ದಕ್ಕಿಂತ ವೇಗವಾಗಿ ಹಾರುವ ಕಾಂಕಾರ್ಡ್ ವಿಮಾನ ಅಲ್ಲಿಗೆ ಬಂದಿಳಿದಿತ್ತು.

ಸಾಂತಾ ಎಲ್ಲಿಯವನು ಎಂಬುದಕ್ಕೂ ಒಂದು ತಾರೀಖು ಉಂಟು. 1927ರಲ್ಲಿ ಫಿನ್ಲೆಂಡಿನ ರೇಡಿಯೋದಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದವರು ಸಾಂತಾ ಇರುವುದು ರಷ್ಯಾ ಗಡಿಯ ಕೊರ್ವತುಂತುರಿ ಎಂಬ ಗುಡ್ಡದಲ್ಲಿ ಅಂದರು. ಅಲ್ಲಿಗೆ ರಸ್ತೆ ಇಲ್ಲ. ರೊವಾನಿಯೆಮಿಗೆ ವಿಮಾನ ನಿಲ್ದಾಣ ಇದೆ. ಹಾಗಾಗಿ ಸಾಂತಾ ಇಲ್ಲಿ ಆಫೀಸು ಮಾಡಿಕೊಂಡ! ನಗಬೇಡಿ, ಇದೇ ಪ್ರವಾಸೋದ್ಯಮ.

ಆ ಹಳ್ಳಿಯಲ್ಲಿ ನೆಲದ ಮೇಲೆ ಆರ್ಕ್ಟಿಕ್ ವೃತ್ತ ಅಂತ ಒಂದು ಬಿಳಿ ಗೆರೆ ಇದೆ. ಎಲ್ಲರೂ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಭೂಮಿಯ ಅಕ್ಷದ ಓರೆ ನಿಧಾನವಾಗಿ ಬದಲಾಗುವುದರಿಂದ ನಿಜವಾದ ವೃತ್ತ ವರ್ಷಕ್ಕೆ 14-15 ಮೀಟರ್ ಉತ್ತರಕ್ಕೆ ಸರಿಯುತ್ತಿದೆ. ಗೆರೆ ಮಾತ್ರ ಅಲ್ಲೇ ಇದೆ. ಗುಂಪಿನಲ್ಲಿ ಒಬ್ಬರಿಗೆ ಇದನ್ನು ಹೇಳಿದೆ. "ಇರಲಿ ಬಿಡಿ, ಫೋಟೋದಲ್ಲಿ ಯಾರಿಗೆ ಗೊತ್ತಾಗ್ತದೆ?" ಅಂದರು. ಸರಿಯಾಗಿಯೇ ಹೇಳಿದರು. ಪ್ರವಾಸಿಗೆ ಭೂಗೋಳ ಬೇಡ, ದಾಟಿದೆ ಅನ್ನುವ ಭಾವನೆ ಬೇಕು. ಅದನ್ನು ನಾನು ಮೋಸ ಅನ್ನುವುದಿಲ್ಲ.

ಬೆಚ್ಚನೆ ಕೋಣೆಯ ಮಾತಿಗೆ ವಾಪಸ್ ಬರುತ್ತೇನೆ. ಸ್ವೀಡನ್ನಿನ ಯುಕಾಸ್‌ಯಾರ್ವಿ ಎಂಬ ಸಣ್ಣ ಹಳ್ಳಿಯಲ್ಲಿ 1990ರ ಹೊತ್ತಿಗೆ ಮಂಜುಗಡ್ಡೆಯ ಹೋಟೆಲ್ ಶುರುವಾಯಿತು. ಟೋರ್ನೆ ನದಿ ಹೆಪ್ಪುಗಟ್ಟಿದಾಗ ಗಡ್ಡೆ ಕತ್ತರಿಸಿ ಇಟ್ಟುಕೊಂಡು, ಮುಂದಿನ ಚಳಿಗಾಲಕ್ಕೆ ಅದರಿಂದ ಕೋಣೆ ಕಟ್ಟುತ್ತಾರೆ. ವಸಂತದಲ್ಲಿ ಅದು ಕರಗಿ ಮತ್ತೆ ನದಿ ಸೇರುತ್ತದೆ. ಒಳಗೆ ಮೈನಸ್ 5ರ ಆಸುಪಾಸು. ಮಂಚವೂ ಮಂಜು, ಮೇಲೆ ಹಿಮಸಾರಂಗದ ಚರ್ಮ, ಅದರ ಮೇಲೆ ಮಲಗುವ ಚೀಲ. ಕೇಳಿದರೆ ಭಯ ಆಗುತ್ತದೆ ಅಲ್ವಾ? ಆದರೆ ಬರುವವರು ಸಾಮಾನ್ಯವಾಗಿ ಒಂದೇ ರಾತ್ರಿ ಆ ಕೋಣೆಯಲ್ಲಿ ಮಲಗುತ್ತಾರೆ. ಉಳಿದ ರಾತ್ರಿಗಳಿಗೆ ಪಕ್ಕದಲ್ಲೇ ಹೀಟರ್ ಇರುವ ಮಾಮೂಲಿ ಕೋಣೆಗಳಿವೆ. ಆ ಒಂದು ರಾತ್ರಿ ಕತೆಗೆ, ಉಳಿದದ್ದು ನಿದ್ದೆಗೆ.

ಜಪಾನಿನ ಉತ್ತರದ ಅವೊಮೊರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿಯ ತ್ಸುಗರು ಬಯಲಿನಲ್ಲಿ ಚಳಿಗಾಲದ ಗಾಳಿ ನೆಲದ ಹಿಮವನ್ನೆಬ್ಬಿಸಿ ಮುಖಕ್ಕೆ ಹೊಡೆಯುತ್ತದೆ. ಎದುರಿಗೆ ಕೈಚಾಚಿದರೆ ಬೆರಳು ಕಾಣುವುದಿಲ್ಲ. ಆ ಊರಿನವರಿಗೆ ಅದು ತಲೆಮಾರುಗಳಿಂದ ಪೀಡೆ. 1980ರ ದಶಕದ ಕೊನೆಗೆ ಅಲ್ಲಿಯ ಕೆಲವರು ಇದನ್ನೇ ಟೂರ್ ಮಾಡಿದರು. ಬಂದವರಿಗೆ ಹಳೇ ಕಾಲದ ದಪ್ಪ ಶಾಲು, ಹತ್ತಿ ತುಂಬಿದ ಪೈಜಾಮ, ಹಿಮದಲ್ಲಿ ಹುಗಿಯದಂಥ ಬಿದಿರು-ಮರದ ಪಾದರಕ್ಷೆ ತೊಡಿಸಿ ಹಿಮಗಾಳಿಯಲ್ಲಿ ನಡೆಸುತ್ತಾರೆ. ಹಿಮ ಕಾಣದ ನಾಡಿನವರು ದುಡ್ಡು ಕೊಟ್ಟು ಬರುತ್ತಾರೆ. ಆ ದಿನ ಗಾಳಿ ಬರದೆ ಬಿಸಿಲು ಬಂದರೆ ಬೇಜಾರು ಮಾಡಿಕೊಳ್ಳುತ್ತಾರೆ!

ಬಟ್ಟೆಯ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ. ಯಾಕೆಂದರೆ ಪ್ರವಾಸಿಯ ಮನಸ್ಸು ಬದಲಾಗುವುದು ಅಲ್ಲೇ. ಮನಾಲಿಯಿಂದ ರೋಹ್ಟಾಂಗ್ ಕಡೆ ಹೋದವರಿಗೆ ಗೊತ್ತು, ದಾರಿಯುದ್ದಕ್ಕೂ ನಂಬರ್ ಹಾಕಿದ ಅಂಗಡಿಗಳಲ್ಲಿ ಕೋಟು, ಗಮ್‌ಬೂಟು ಬಾಡಿಗೆಗೆ ಸಿಗುತ್ತವೆ. ಡ್ರೈವರ್ ತನ್ನ ಪರಿಚಯದ ಅಂಗಡಿಯೆದುರು ನಿಲ್ಲಿಸುತ್ತಾನೆ. ಎಷ್ಟೋ ಜನರ ಮೈಮೇಲೆ ಹತ್ತಿಳಿದ ಕೋಟು, ಒದ್ದೆ ಗಮ್‌ಬೂಟು. ಕೆಳಗೆ ಹತ್ತಿ ಬನಿಯನ್, ಜೀನ್ಸ್ ಪ್ಯಾಂಟು. ಹಿಮದಲ್ಲಿ ಒಂದು ಗಂಟೆ ಆಡಿದ ಮೇಲೆ ಬೆವರನ್ನೂ ನೀರನ್ನೂ ಹತ್ತಿ ಹೀರಿ ಮೈ ಗಡಗಡ. ಆ ಜನ ವಾಪಸ್ ಬಂದು "ಚಳಿ ನಮಗೆ ಆಗೂದಿಲ್ಲಪ್ಪ" ಅಂತ ತೀರ್ಮಾನ ಕೊಡುತ್ತಾರೆ. ಮೈನಸ್ 2ರಲ್ಲಿ ಸೋತವರು ಇವರು.

ಅದೇ ಜನರನ್ನು ಲ್ಯಾಪ್‌ಲೆಂಡಿನಲ್ಲಿ ಮೈನಸ್ 22ರಲ್ಲಿ ನಿಲ್ಲಿಸಿ ನೋಡಿ. ಸಫಾರಿ ಕಂಪನಿಯವರು ಮೊದಲು ಒಂದು ಬೆಚ್ಚನೆ ಹಾಲಿಗೆ ಕರೆದುಕೊಂಡು ಹೋಗುತ್ತಾರೆ. ಗೋಡೆಯುದ್ದಕ್ಕೂ ಕುತ್ತಿಗೆಯಿಂದ ಪಾದದವರೆಗಿನ ಒಂದೇ ತುಂಡಿನ ಸೂಟುಗಳು. ಒಳಗೆ ಮೈಗೆ ತಾಗಿ ಉಣ್ಣೆ ಇರಬೇಕು, ಹತ್ತಿ ಇರಬಾರದು. ಅದರ ಮೇಲೆ ಫ್ಲೀಸ್. ಅದರ ಮೇಲೆ ಈ ಸೂಟು. ಬೂಟು ಒಂದು ಸೈಜ್ ದೊಡ್ಡದು, ಬೆರಳಿಗೆ ಆಡಲು ಜಾಗ ಬೇಕು. ಬಿಗಿಯಾದರೆ ರಕ್ತ ಓಡುವುದಿಲ್ಲ, ಬೆರಳು ಮರಗಟ್ಟುತ್ತದೆ. ಬೆರಳು ಬೇರೆ ಬೇರೆ ಇರುವ ಕೈಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಹೋಗುವ ಗವಸು ಒಳ್ಳೆಯದು, ಒಂದರ ಬಿಸಿ ಇನ್ನೊಂದಕ್ಕೆ ಸಿಗುತ್ತದೆ. ಹೊರಗೆ ಕಾಲಿಟ್ಟ ಕೂಡಲೇ ಮೂಗಿನೊಳಗಿನ ಕೂದಲು ಸೆಟೆದುಕೊಳ್ಳುತ್ತದೆ. ಕಾಲ ಕೆಳಗಿನ ಹಿಮ ಕಿರ್ ಕಿರ್ ಅನ್ನುತ್ತದೆ. ಮೊಬೈಲ್ ಬ್ಯಾಟರಿ ಅರ್ಧ ಇದ್ದದ್ದು ಇದ್ದಕ್ಕಿದ್ದ ಹಾಗೆ ಸತ್ತುಹೋಗುತ್ತದೆ, ಒಳಜೇಬಿನಲ್ಲಿಟ್ಟರೆ ಮತ್ತೆ ಜೀವ ಬರುತ್ತದೆ. ಒಳಗೆ ಬಂದಾಗ ಕನ್ನಡಕ ಪೂರ್ತಿ ಮಸುಕು. ಒಂದು ಗಂಟೆ ಆದ ಮೇಲೆ ನಮ್ಮ ಗುಂಪಿನ ಒಬ್ಬ ಅಕ್ಕ ಹೇಳಿದ್ದು: "ಇಷ್ಟೇಯಾ? ನಾನು ಸಾಯ್ತೇನೆ ಅಂದುಕೊಂಡಿದ್ದೆ." ಆ ಒಂದು ವಾಕ್ಯದ ಮೇಲೆ ಇಡೀ ಉತ್ತರದ ವ್ಯಾಪಾರ ನಿಂತಿದೆ.

ಚಳಿ ಆಯಿತು. ಕತ್ತಲೆ ಬೇರೆ ಸಮಸ್ಯೆ. ನಾರ್ವೆಯ ಟ್ರೊಮ್ಸೊ ಸುಮಾರು 69 ಡಿಗ್ರಿ ಉತ್ತರದಲ್ಲಿದೆ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಕ್ಷಿತಿಜದ ಮೇಲೆ ಬರುವುದೇ ಇಲ್ಲ. ಅಟ್ಲಾಂಟಿಕ್ ಸಾಗರದ ಬೆಚ್ಚನೆ ಪ್ರವಾಹದಿಂದಾಗಿ ಅಲ್ಲಿ ಜನವರಿಯ ಸರಾಸರಿ ಮೈನಸ್ 3-4 ಅಷ್ಟೇ, ಲೇಹ್‌ಗಿಂತ ಕಡಿಮೆ ಚಳಿ. ಆದರೂ ಜನ ಲೇಹ್ ಅಂದರೆ ಸರಿ ಅನ್ನುತ್ತಾರೆ, ಟ್ರೊಮ್ಸೊ ಅಂದರೆ "24 ಗಂಟೆ ಕತ್ತಲೆಯಾ? ತಲೆ ಕೆಡುವುದಿಲ್ವಾ?" ಅನ್ನುತ್ತಾರೆ. ನಿಜದಲ್ಲಿ ಮಧ್ಯಾಹ್ನದ ಸುತ್ತ ಕೆಲವು ಗಂಟೆ ನೀಲಿ ಬೆಳಕು ಇರುತ್ತದೆ. ಹಿಮದ ಮೇಲೆ ಬಿದ್ದು ಅದು ಇಮ್ಮಡಿಯಾಗುತ್ತದೆ.

ಕ್ಯಾರಿ ಲೀಬೊವಿಟ್ಜ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಇದನ್ನೇ ತಿಳಿಯಲು ಟ್ರೊಮ್ಸೊಗೆ ಹೋದರು. ಇಷ್ಟು ಕತ್ತಲೆಯಲ್ಲಿ ಜನ ಹೇಗೆ ಬದುಕುತ್ತಾರೆ ಅಂತ ಪ್ರಶ್ನೆ. ದಕ್ಷಿಣ ನಾರ್ವೆ, ಉತ್ತರ ನಾರ್ವೆ, ಇನ್ನೂ ಮೇಲಿನ ಸ್ವಾಲ್‌ಬಾರ್ಡ್ ದ್ವೀಪ, ಮೂರೂ ಕಡೆಯವರನ್ನು ವಿಚಾರಿಸಿದರು. ಉತ್ತರಕ್ಕೆ ಹೋದ ಹಾಗೆ ಚಳಿಗಾಲದ ಬಗ್ಗೆ ಜನರ ಮನೋಭಾವ ಇನ್ನೂ ಒಳ್ಳೆಯದಾಗಿತ್ತು. ವಿಟ್ಟರ್ಸೊ ಎಂಬವರ ಜೊತೆ ಅವರು ಇದನ್ನು 2020ರಲ್ಲಿ ಪ್ರಕಟಿಸಿದರು. ಅಲ್ಲಿಯವರು ಚಳಿಗಾಲವನ್ನು ಸಹಿಸಿ ದಾಟುವ ಅವಧಿ ಅಂತ ನೋಡುವುದಿಲ್ಲ. ಸ್ಕೀ ಮಾಡುವ ಕಾಲ, ಮೇಣದ ಬತ್ತಿ ಹಚ್ಚಿ ಸ್ನೇಹಿತರೊಟ್ಟಿಗೆ ಕೂರುವ ಕಾಲ ಅಂತ ನೋಡುತ್ತಾರೆ. ಹೋದ ಪ್ರವಾಸಿಗೂ ಒಂದೆರಡು ದಿನದಲ್ಲಿ ಅದು ಅಂಟುತ್ತದೆ. ಎಲ್ಲರಿಗೂ ಅಲ್ಲ, ಮಧ್ಯಾಹ್ನ ಎರಡಕ್ಕೇ ನಿದ್ದೆ ಹೊಡೆಯುವವರನ್ನೂ ನೋಡಿದ್ದೇನೆ.

ದಕ್ಷಿಣದವರು ಉತ್ತರವನ್ನು ಕಾಣುವ ಬಗೆಗೆ ಇತ್ತೀಚಿನ ದೊಡ್ಡ ಪಾಠ ಚೀನಾದ ಹಾರ್ಬಿನ್. ಜನವರಿಯಲ್ಲಿ ಅಲ್ಲಿ ರಾತ್ರಿ ಮೈನಸ್ 25 ಮಾಮೂಲು. ಸೋಂಗ್‌ಹುವಾ ನದಿಯ ಗಡ್ಡೆ ಕತ್ತರಿಸಿ ಅರಮನೆ, ಗೋಪುರ ಕಟ್ಟಿ ಒಳಗೆ ದೀಪ ಹಾಕುತ್ತಾರೆ. 2023ರ ಡಿಸೆಂಬರ್ 18ರಂದು ಆ ಸೀಸನ್ ಶುರುವಾದಾಗ ನೂಕುನುಗ್ಗಲು. ಕ್ಯೂನಲ್ಲಿ ನಿಂತು ಸಾಕಾದವರು "ದುಡ್ಡು ವಾಪಸ್ ಕೊಡಿ" ಅಂತ ಕೂಗಿದರು, ಆ ವಿಡಿಯೋ ದೇಶವೆಲ್ಲ ಓಡಿತು. ಊರಿನವರು ತಲೆ ಉಪಯೋಗಿಸಿದರು. ಟಿಕೆಟ್ ದುಡ್ಡು ವಾಪಸ್ ಕೊಟ್ಟರು, ಕ್ಷಮೆ ಕೇಳಿದರು. ಚೌಕಗಳಲ್ಲಿ ಬೆಚ್ಚನೆ ಡೇರೆ ಹಾಕಿದರು. ಜಾರುವ ಸುರಂಗದಾರಿಗೆ ಕಾರ್ಪೆಟ್ ಹಾಸಿದರು. ಅಲ್ಲಿಯವರು ಹೆಪ್ಪುಗಟ್ಟಿದ ಪೇರ್ (ಮರಸೇಬು) ಹಣ್ಣನ್ನು ನೀರಿನಲ್ಲಿ ನೆನೆಸಿ, ಕಚ್ಚಿ, ರಸ ಹೀರಿ ತಿನ್ನುವವರು. ದಕ್ಷಿಣದ ಅತಿಥಿಗಳಿಗಾಗಿ ಅದನ್ನೇ ಹೋಳು ಮಾಡಿ ತಟ್ಟೆಯಲ್ಲಿ ಜೋಡಿಸಿ ಕೊಡತೊಡಗಿದರು. "ನಮಗೆ ಹೀಗೆ ಯಾವತ್ತೂ ಕೊಡಲಿಲ್ಲವಲ್ಲ!" ಅಂತ ಊರಿನವರೇ ತಮಾಷೆ ಮಾಡಿದರು. 2024ರ ಹೊಸವರ್ಷದ ಮೂರು ದಿನದ ರಜೆಯಲ್ಲಿ 30 ಲಕ್ಷಕ್ಕೂ ಹೆಚ್ಚು ಜನ ಬಂದರು. ಮಂಜಿನ ಅರಮನೆ ಹಿಂದಿನ ವರ್ಷಗಳಲ್ಲೂ ಇತ್ತು. ಹೊಸದಾಗಿ ಬಂದದ್ದು ಕಾರ್ಪೆಟ್ಟು, ಡೇರೆ, ಹಣ್ಣಿನ ಹೋಳು.

ಈಗ ಧ್ರುವಪ್ರಭೆ. ನಮ್ಮವರ ಬಾಯಲ್ಲಿ ನಾರ್ದರ್ನ್ ಲೈಟ್ಸ್. ಇವತ್ತು ಉತ್ತರಕ್ಕೆ ಹೋಗುವವರಲ್ಲಿ ಹೆಚ್ಚಿನವರು ಇದಕ್ಕೇ ಹೋಗುವುದು. ಇಲ್ಲಿ ಒಂದು ತಪ್ಪು ತಿಳುವಳಿಕೆ ಎಲ್ಲರಲ್ಲೂ ಇದೆ, ಚಳಿ ಜೋರಾದಷ್ಟೂ ಬೆಳಕು ಜೋರು ಅಂತ. ಚಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಸೂರ್ಯನಿಂದ ಬಂದ ಕಣಗಳು ನೂರಕ್ಕೂ ಹೆಚ್ಚು ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕ, ಸಾರಜನಕಕ್ಕೆ ಬಡಿದಾಗ ಅದು ಬೆಳಗುತ್ತದೆ. ಬೇಸಿಗೆಯಲ್ಲಿ ಕಾಣದಿರುವುದು ಅಲ್ಲಿ ರಾತ್ರಿ ಕತ್ತಲಾಗದ ಕಾರಣಕ್ಕೆ ಮಾತ್ರ. ಆಗಸ್ಟ್ ಕೊನೆಗೆ ಕತ್ತಲೆ ವಾಪಸ್ ಬಂದ ಕೂಡಲೇ ಕಾಣತೊಡಗುತ್ತದೆ. 2024ರ ಮೇ ತಿಂಗಳಲ್ಲಿ ಸೌರ ಬಿರುಗಾಳಿ ಎಷ್ಟು ಜೋರಿತ್ತೆಂದರೆ ನಮ್ಮ ಲಡಾಖಿನ ಹಾನ್ಲೆ ವೀಕ್ಷಣಾಲಯದ ಕ್ಯಾಮೆರಾದಲ್ಲಿ ಕೆಂಪು ಪ್ರಭೆ ದಾಖಲಾಯಿತು.

ಇನ್ನೊಂದು ಮಾತು ನಾನು ಮುಂಗಡ ತೆಗೆದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ಇನ್‌ಸ್ಟಾಗ್ರಾಮಿನಲ್ಲಿ ಕಾಣುವ ಹಸಿರು, ಕ್ಯಾಮೆರಾದ ಹಸಿರು. ಕ್ಯಾಮೆರಾ ಹಲವು ಸೆಕೆಂಡು ಕಣ್ಣು ತೆರೆದಿಟ್ಟು ಬೆಳಕು ಕೂಡಿಸುತ್ತದೆ. ನಮ್ಮ ಕಣ್ಣಿಗೆ ಮಂದ ಬೆಳಕಿನಲ್ಲಿ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ಸಾಧಾರಣ ರಾತ್ರಿ ಅದು ಬೂದು ಬಣ್ಣದ ಮೋಡದ ಎಳೆ. ಜೋರಾದ ರಾತ್ರಿ ಹಸಿರು, ಅಂಚಿನಲ್ಲಿ ಗುಲಾಬಿ, ಆಕಾಶ ತುಂಬ ಓಡಾಟ. ಯಾವ ರಾತ್ರಿ ಸಿಗುತ್ತದೆ ಅಂತ ಯಾರೂ ಬರೆದುಕೊಡಲು ಆಗುವುದಿಲ್ಲ. ಬರೆದುಕೊಡುವವರಿದ್ದರೆ ಅವರ ಅಂಗಡಿಯಿಂದ ಎದ್ದುಬನ್ನಿ.

ನನಗೆ ಬೇಸರ ಆಗುವುದು ಈ ಚಿತ್ರ ಸಣ್ಣದಾಗುತ್ತಾ ಹೋಗುವ ಬಗ್ಗೆ. ಉತ್ತರ ಅಂದರೆ ಹಸಿರು ಬೆಳಕು, ಹಸ್ಕಿ ನಾಯಿ, ಗಾಜಿನ ಛಾವಣಿಯ ಕೋಣೆ, ಸಾಂತಾ. ಜನ ಎಲ್ಲಿ ಹೋದರು? ಲ್ಯಾಪ್‌ಲೆಂಡಿನ ಮೂಲನಿವಾಸಿಗಳು ಸಾಮಿ ಜನ, ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯಾ ನಾಲ್ಕೂ ದೇಶಗಳಲ್ಲಿ ಹರಡಿದ್ದಾರೆ. ಅವರದ್ದು ಹಿಮಸಾರಂಗದ ಬದುಕು. ಹಸ್ಕಿ ಸವಾರಿ ಅವರ ಪದ್ಧತಿಯೇ ಅಲ್ಲ, ಪ್ರವಾಸಿಗಳಿಗಾಗಿ ಹೊರಗಿನಿಂದ ಬಂದದ್ದು. ಆದರೆ ಪ್ರವಾಸಿಗೆ ನಾಯಿಗಾಡಿ ಬೇಕು, ಸಾಮಿ ಅಂಗಿಯ ಹಾಗಿನದ್ದನ್ನು ಹಾಕಿಕೊಂಡ ಯಾರೋ ಒಬ್ಬ ಬೇಕು. ಈ ನಕಲಿ ವೇಷದ ಬಗ್ಗೆ ರೋಸಿಹೋಗಿ ಫಿನ್ಲೆಂಡಿನ ಸಾಮಿ ಸಂಸತ್ತು 2018ರಲ್ಲಿ ಪ್ರವಾಸೋದ್ಯಮಕ್ಕೆ ನೀತಿಸೂತ್ರ ಹೊರಡಿಸಿತು. ಭೂತಕೋಲದ ವೇಷ ಹಾಕಿ ರೆಸಾರ್ಟಿನಲ್ಲಿ ಕುಣಿಸಿದರೆ ನಮ್ಮಲ್ಲಿ ಏನಾಗುತ್ತದೆ ಅಂತ ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ರೊವಾನಿಯೆಮಿಯಲ್ಲೂ ಸುಮಾರು 65 ಸಾವಿರ ಜನರ ಊರಿಗೆ 2023ರಲ್ಲಿ ಹನ್ನೆರಡು ಲಕ್ಷ ರಾತ್ರಿಗಳ ವಾಸ್ತವ್ಯ. ಮನೆಗಳೆಲ್ಲ ದಿನಬಾಡಿಗೆಗೆ ಹೋಗಿ ಬಾಡಿಗೆ ಮನೆ ಸಿಗುವುದಿಲ್ಲ ಅಂತ 2024ರಲ್ಲಿ ಊರಿನವರು ಬೀದಿಗೆ ಇಳಿದಿದ್ದರು.

ಹವಾಮಾನದ ಬದಲಾವಣೆ ಬಗ್ಗೆ ಜಾಸ್ತಿ ಹೇಳಲು ಸಮಯ ಇಲ್ಲ. 2024ರ ಜನವರಿ ಕೊನೆಯವರೆಗೂ ಗುಲ್ಮಾರ್ಗಿನಲ್ಲಿ ಸರಿಯಾಗಿ ಹಿಮ ಬೀಳಲಿಲ್ಲ, ಬುಕಿಂಗ್ ರದ್ದಾದವು. 2025ರ ಜುಲೈ ಮಧ್ಯದಿಂದ ಆಗಸ್ಟ್ ಆರಂಭದವರೆಗೆ ಫಿನ್ಲೆಂಡಿನಲ್ಲಿ ಸತತ 22 ದಿನ ಒಂದಲ್ಲ ಒಂದು ಕಡೆ 30 ಡಿಗ್ರಿ ದಾಟಿತು. ದಕ್ಷಿಣ ಯುರೋಪಿನ ಸೆಕೆ ತಡೆಯಲಾರದೆ ತಂಪಿಗೆ ಅಂತ ಉತ್ತರಕ್ಕೆ ಹೋಗುವ ಹೊಸ ಗಿರಾಕಿಗಳು ಬರುತ್ತಿರುವ ಹೊತ್ತಿಗೇ ಇದು.

ಕೊನೆಗೆ ನಮ್ಮ ಕರಾವಳಿ. ಉತ್ತರದವರಿಗೆ ಚಳಿಗಾಲ ಹೇಗೋ ನಮಗೆ ಮಳೆಗಾಲ ಹಾಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಬೀಚಿನಲ್ಲಿ ಕೆಂಪು ಬಾವುಟ. ಜುಲೈ-ಆಗಸ್ಟಿನಲ್ಲಿ ಬರುವ ತುಳುವರ ಆಟಿ ತಿಂಗಳಿನಲ್ಲಿ ಮದುವೆ ಇಲ್ಲ, ಶುಭಕಾರ್ಯ ಇಲ್ಲ, ಹಿಂದೆ ಊಟಕ್ಕೂ ತತ್ವಾರ. ಕೆಸುವಿನ ಎಲೆ, ಕಣಿಲೆ, ತಜಂಕು ಸೊಪ್ಪು ತಿಂದದ್ದು ಹೊಟ್ಟೆ ತುಂಬಲಿ ಅಂತ. ಈಗ ಅದೇ ಕೆಸುವಿನ ಎಲೆಯ ಪತ್ರೊಡೆಗೆ "ಆಟಿಡೊಂಜಿ ದಿನ" (ಆಟಿಯಲ್ಲೊಂದು ದಿನ) ಕಾರ್ಯಕ್ರಮದಲ್ಲಿ ಕ್ಯೂ. ಬರಗಾಲದ ಅಡುಗೆಯನ್ನು ನಾವೇ ಹಬ್ಬ ಮಾಡಿಕೊಂಡಿದ್ದೇವೆ. ತ್ಸುಗರುವಿನವರು ಹಿಮಗಾಳಿಗೆ ಮಾಡಿದ್ದನ್ನೇ ನಾವು ಆಟಿಗೆ ಮಾಡಿದ್ದೇವೆ, ಹೊರಗಿನವರಿಗೆ ಮಾತ್ರ ಇನ್ನೂ ತೋರಿಸಿಲ್ಲ. ನಮ್ಮ ಹೋಟೆಲುಗಳು ಜುಲೈಯಲ್ಲಿ ರೇಟು ಇಳಿಸಿ ಸುಮ್ಮನೆ ಕೂರುತ್ತವೆ.

ಮಳೆ ನೋಡಲು ಯಾರು ಬರುತ್ತಾರೆ ಅಂತ ಕೇಳುವವರು ಗಲ್ಫಿನಲ್ಲಿರುವ ತಮ್ಮ ಮನೆಯವರನ್ನೇ ಕೇಳಲಿ. ಒಮಾನಿನ ಸಲಾಲಾದಲ್ಲಿ ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಖರೀಫ್ ಎಂಬ ಮಳೆಗಾಲ. ಜಿಟಿಜಿಟಿ ಮಳೆ, ಮಂಜು, ಹಸಿರು ಗುಡ್ಡ. ಸುತ್ತ 45 ಡಿಗ್ರಿ ಕಾಯುವಾಗ ಅಲ್ಲಿ 25ರ ಆಸುಪಾಸು. 2024ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೋದರು. ನಮ್ಮ ಒಂದು ವಾರದ ಮಳೆಯಷ್ಟೂ ಅಲ್ಲಿ ಇಡೀ ಸೀಸನ್ನಿನಲ್ಲಿ ಬೀಳುವುದಿಲ್ಲ! ಮಂಗಳೂರಿನಲ್ಲಿ ಬೀಳುವುದು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ.

ಆದರೆ ಜಲಪಾತದ ಬಂಡೆ ಹತ್ತಿಸಿ ರೀಲ್ಸ್ ಮಾಡಿಸುವ ಪ್ರವಾಸೋದ್ಯಮ ನನಗೆ ಬೇಡ. ಪ್ರತಿ ಮಳೆಗಾಲ ಹೆಣ ಹುಡುಕುವ ಸುದ್ದಿ ಓದುತ್ತೇವೆ. ಹಾರ್ಬಿನ್‌ನವರು ಮೊದಲು ಕಾರ್ಪೆಟ್ ಹಾಸಿದರು ಎಂಬುದನ್ನು ನಮ್ಮ ಹೋಟೆಲಿನವರು ಗಮನಿಸಲಿ. ನಮಗೆ ಬೇಕಾದದ್ದು ಅಗಲವಾದ ಜಗಲಿ, ಒಣಗಿದ ಟವೆಲ್, ಒದ್ದೆ ಬಟ್ಟೆ ಒಣಗಿಸಿಕೊಡುವ ವ್ಯವಸ್ಥೆ, ಜಾರದ ಮೆಟ್ಟಿಲು, ಕರೆಂಟ್ ಹೋದರೆ ಜನರೇಟರ್, ಬಿಸಿ ಗಂಜಿ. ಕುಂದಾಪುರದಿಂದ ಸುಳ್ಯದವರೆಗೆ ಹೋಂಸ್ಟೇ ನಡೆಸುವವರಲ್ಲಿ ಟವೆಲ್ ಒಣಗಿಸುವ ಯಂತ್ರ ಇಟ್ಟವರು ಎಷ್ಟು ಜನ ಅಂತ ವಿದ್ಯಾರ್ಥಿಗಳು ಒಂದು ಸಮೀಕ್ಷೆ ಮಾಡಿದರೆ ನನಗೂ ಉಪಕಾರವಾದೀತು.

ಪ್ರಶ್ನೆಗಳಿಗೆ ಬರುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದ್ದು: "ಸರ್, ಕಡಿಮೆ ಖರ್ಚಿನಲ್ಲಿ ಇದೆಲ್ಲ ನೋಡ್ಲಿಕ್ಕೆ ಆಗ್ತದಾ?" ಈಗ ಭಾರತೀಯರು ರಷ್ಯಾದ ಮುರ್ಮಾನ್ಸ್ಕ್ ಕಡೆ ಹೋಗುತ್ತಿರುವುದು ಅದಕ್ಕೇ. ಆರ್ಕ್ಟಿಕ್ ವೃತ್ತದ ಆಚೆ ಇರುವ ಅತಿದೊಡ್ಡ ನಗರ ಅದು. 2023ರ ಆಗಸ್ಟಿನಿಂದ ಭಾರತೀಯರಿಗೆ ರಷ್ಯಾದ ಇ-ವೀಸಾ ಸಿಗುತ್ತಿದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾದ ಕಾಗದಪತ್ರದ ರಗಳೆ ಇಲ್ಲ. ಆದರೆ ಅದು ಯುದ್ಧದಲ್ಲಿರುವ ದೇಶ. ವಿದೇಶದ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ, ನಗದು ಒಯ್ಯಬೇಕು. ಮನೆಯವರ ಹತ್ತಿರ ಇದನ್ನೆಲ್ಲ ಮಾತಾಡಿ ಹೋಗಿ ಅಂದೆ.

ಹಿಂದಿನ ಸಾಲಿನಿಂದ ಒಬ್ಬರು: "ನನ್ನ ತಾಯಿಗೆ 70 ದಾಟಿದೆ. ಆ ಬೆಳಕು ನೋಡಬೇಕು ಅಂತ ಭಾರೀ ಆಸೆ. ಡಿಸೆಂಬರ್ ರಜೆಯಲ್ಲಿ ಕರಕೊಂಡು ಹೋಗ್ಬಹುದಾ?"

ಡಿಸೆಂಬರ್ ಬೇಡ ಅಂದೆ. ರೇಟು ಅತಿ ಜಾಸ್ತಿ, ರೊವಾನಿಯೆಮಿಯಲ್ಲಿ ಹಗಲು ಎರಡು ಗಂಟೆ ಚಿಲ್ಲರೆ, ಮೋಡವೂ ಜಾಸ್ತಿ. ಅಮ್ಮನಿಗೆ ಹಿಮ ಬೇಡ, ಬೆಳಕು ಸಾಕು ಅಂದರೆ ಸೆಪ್ಟೆಂಬರ್ ಕೊನೆಗೆ ಹೋಗಿ. ಆಗ ನೆಲ ಜಾರುವುದಿಲ್ಲ, ಕಾಡೆಲ್ಲ ಕೆಂಪು ಹಳದಿ, ರಾತ್ರಿ ಸಾಕಷ್ಟು ಕತ್ತಲೆ. ಹಿಮವೂ ಬೇಕೇ ಬೇಕು ಅಂದರೆ ಮಾರ್ಚ್. ಹಗಲು 12 ಗಂಟೆ, ಹಿಮ ಇನ್ನೂ ದಪ್ಪ, ಹಗಲು ರಾತ್ರಿ ಸಮ ಇರುವ ಆ ದಿನಗಳ ಆಸುಪಾಸಿನಲ್ಲಿ ಪ್ರಭೆ ಕಾಣುವ ಸಂಭವವೂ ಹೆಚ್ಚು.

"ಮಾರ್ಚಿನಲ್ಲಿ ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ" ಅಂದರು.

ಹಾಗಾದರೆ ಸೆಪ್ಟೆಂಬರೇ ಸರಿ. ಮಗಳನ್ನು ಅಜ್ಜನ ಹತ್ತಿರ ಬಿಟ್ಟು ನೀವಿಬ್ಬರೇ ಹೋಗಿ, ವೀಸಾಕ್ಕೆ ಜೂನ್‌ನಲ್ಲೇ ಅರ್ಜಿ ಹಾಕಿ.